ಕಡಲಾಮೆಗೊಂದು ಕಿಂಡಿ

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಕುಳಿತು ನಾನು ಬಲೆ ಹೊಲಿಯುತ್ತೇನೆ. ಮೀನಿನ ಬಲೆಯಲ್ಲ, ಪಾರಿವಾಳದ ಬಲೆ. ಇಂದಿರಾನಗರದ ಅಪಾರ್ಟ್‌ಮೆಂಟಿನವರಿಗೆ ಬಾಲ್ಕನಿ ಬೇಕು, ಪಾರಿವಾಳ ಬೇಡ. ಎಲ್ಲೂ ಸಂದು ಬಿಡದಿರುವುದೇ ನನ್ನ ಕೆಲಸ. ಅಂಚುಗಳನ್ನು ಒಂದರ ಮೇಲೊಂದು ಅಗಲವಾಗಿ ಹಾಸಿ ಎರಡೆರಡು ಗಂಟು ಬಿಗಿದರೆ ಹಕ್ಕಿ ಕೊಕ್ಕನ್ನೂ ತೂರಿಸಲಾರದು. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ನೆಲಮಾಳಿಗೆಗೆ ಕಿಟಕಿಯಿಲ್ಲ. ಕೆ.ಆರ್. ಪುರದ ನಮ್ಮ ಬಾಡಿಗೆ ಕೋಣೆಗೂ ಇಲ್ಲ. ನಡುವಿನ ಬಸ್ಸಿನಲ್ಲಿ ಕಿಟಕಿಗಳಿವೆ, ಆದರೆ ಅವುಗಳ ಪಕ್ಕ ಕುಳಿತ ನೆನಪು ನನಗಿಲ್ಲ. ಗಂಡನ ಹಿಂದೆ ರಾಯಚೂರಿನ ಕಡೆಯಿಂದ ಬಂದವಳು, ಬೆಳಿಗ್ಗೆ ಒಂದು ಡಬ್ಬಿಯಿಂದ ಹೊರಟು ಇನ್ನೊಂದು ಡಬ್ಬಿ ಸೇರುತ್ತೇನೆ. ಇದಕ್ಕೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಎದುರಿಗೆ ಸಿಕ್ಕವರ ಮೇಲೆಲ್ಲ ಸಿಟ್ಟಾಗುತ್ತೇನೆ.

ಹೋದ ಮಳೆಗಾಲದಲ್ಲಿ ಕರಾವಳಿಯ ಮುದುಕರೊಬ್ಬರು ಮೆಟ್ಟಿಲುಗಳನ್ನು ಕಾಲಿನಿಂದ ತಡವುತ್ತ ಇಳಿದು ಬಂದರು. ಸಣ್ಣ ದೋಣಿಯೊಂದರ ಮಾಲೀಕರು. ಮಳೆಗಾಲದಲ್ಲಿ ದೋಣಿಗಳು ದಡದಲ್ಲೇ ಇರುತ್ತವಲ್ಲ, ಆ ಬಿಡುವಿನಲ್ಲಿ ಕಣ್ಣಿನ ಪೊರೆ ತೆಗೆಸಲು ವಿಮಾನಪುರದ ಮಗಳ ಮನೆಗೆ ಬಂದಿದ್ದರು. ಶುಗರ್ ಇಳಿಯದೆ ಆಪರೇಷನ್ ಮುಂದೆ ಹೋಗುತ್ತಲೇ ಇತ್ತು. ಜೊತೆಗೆ ಬಂದ ಅಳಿಯ ಕಂಬಿಗಳ ಚೌಕಟ್ಟೊಂದನ್ನೂ ಬಲೆಯ ಸುರುಳಿಯನ್ನೂ ಇಳಿಸಿ ತನ್ನ ಕೆಲಸಕ್ಕೆ ಹೋದ.

ಅವರದು ಚೀಲದಂಥ ಸಿಗಡಿ ಬಲೆ. ಅದರೊಳಗೆ ಕಡಲಾಮೆ ಸಿಕ್ಕಿಕೊಂಡರೆ ಉಸಿರಿಗಾಗಿ ಮೇಲೆ ಬರಲಾಗದೆ ಸಾಯುತ್ತದೆ. ಅದಕ್ಕೇ ಚೀಲದ ಗಂಟಲಲ್ಲಿ ಈ ಚೌಕಟ್ಟು ಕೂರಿಸಬೇಕು. ಸಿಗಡಿ ಕಂಬಿಗಳ ನಡುವೆ ತೂರಿ ಹಿಂದಕ್ಕೆ ಹೋಗುತ್ತದೆ, ಆಮೆ ಕಂಬಿಗೆ ತಾಗಿ ಮೇಲಿನ ಕಿಂಡಿಯಿಂದ ಹೊರಬೀಳುತ್ತದೆ. ಕಿಂಡಿ ತೆರೆದೇ ಇದ್ದರೆ ಸಿಗಡಿಯೂ ಹೋಗುತ್ತದೆಂದು, ಎರಡು ಬಲೆತುಂಡುಗಳನ್ನು ಮುಚ್ಚಳವಾಗಿ ಹೊಲಿಯಬೇಕು. ಆಮೆ ತಳ್ಳಿದರೆ ತೆರೆಯಬೇಕು, ಆಮೇಲೆ ತಾನಾಗಿ ಮುಚ್ಚಿಕೊಳ್ಳಬೇಕು. ಬಂದರಿನಲ್ಲಿ ಇದನ್ನು ತಪಾಸಣೆ ಮಾಡುತ್ತಾರಂತೆ.

"ಕೈಗೆ ಬರ್ತದೆ, ಕಣ್ಣಿಗೆ ಬರುದಿಲ್ಲ ಮಾರಾಯ್ತಿ. ನಾನು ಹೇಳ್ತೇನೆ, ನೀನು ಹೊಲಿ" ಎಂದರು.

ಅವರು ಬಲೆಯ ಮೂಟೆಯ ಮೇಲೆ ಕುಳಿತು ಹೇಳಿದರು, ನಾನು ಹೊಲಿದೆ. ಮುಗಿದ ಮೇಲೆ ಬಲೆಯನ್ನು ಚಾವಣಿಯ ಕೊಕ್ಕೆಗಳಿಗೆ ತೂಗುಹಾಕಿದೆವು. "ಒಂದು ಆಮೆ ಇದ್ದಿದ್ರೆ ಬಿಟ್ಟು ನೋಡ್ಬಹುದಿತ್ತು" ಎಂದು ನಕ್ಕರು.

"ಇಲ್ಲಿ ಆಮೆ ಎಲ್ಲಿಂದ ತರ್ಲಿ ಕಾಕಾ? ನಾನೇ ಹೋಗ್ತೀನಿ ತಗೋರಿ" ಎಂದು ಸೆರಗು ಸಿಕ್ಕಿಸಿ ಒಳಗೆ ತೆವಳಿದೆ.

ಕಂಬಿಗೆ ತಾಗಿದೆ, ಮೇಲಕ್ಕೆ ತಿರುಗಿದೆ, ಕಿಂಡಿಗೆ ತಲೆ ಕೊಟ್ಟು ತಳ್ಳಿದೆ. ತೆರೆಯಲಿಲ್ಲ. ಪಾರಿವಾಳದ ಅಭ್ಯಾಸದಲ್ಲಿ ನನ್ನ ಕೈ ಮುಚ್ಚಳಗಳನ್ನು ಮೊಳದಷ್ಟು ಅಗಲಕ್ಕೆ ಒಂದರ ಮೇಲೊಂದು ಹಾಸಿ, ಮೂಲೆಗಳಿಗೆ ಎರಡೆರಡು ಗಂಟನ್ನೂ ಬಿಗಿದಿತ್ತು. ಜೋರಾಗಿ ತಳ್ಳಿದೆ. ಜಡೆ ಬಲೆಯ ಕಣ್ಣಿಗೆ ಸಿಕ್ಕಿತು, ಬಿಡಿಸಲು ಎತ್ತಿದ ಕೈಯ ಬಳೆಗಳೂ ಸಿಕ್ಕಿದವು. ಹಿಂದಕ್ಕೆ ಸರಿಯಲು ಹೋದರೆ ಚೀಲ ಮೈಗೆ ಸುತ್ತಿಕೊಂಡಿತು. ನಾನೇ ಕಟ್ಟಿದ ಗಂಟು ನನ್ನ ಕಣ್ಣೆದುರಿಗಿತ್ತು, ಅದನ್ನು ಮುಟ್ಟಲು ಕೈಯಿರಲಿಲ್ಲ. ಏನೆಂದು ಕಿರುಚಿದೆನೋ ನೆನಪಿಲ್ಲ.

ಮುದುಕರು ಎದ್ದು ಕತ್ತರಿ ಹಿಡಿದು, ಅರೆಗುರುಡಾಗಿ, ನನ್ನ ಮುಖದ ಕಡೆಗೇ ಬಂದರು.

"ಕತ್ತರಿ ಕೆಳಗಿಡ್ರೀ!"

ಇಟ್ಟರು. "ಒದ್ದಾಡ್ಬೇಡ. ಒದ್ದಾಡಿದಷ್ಟೂ ಬಿಗಿಯುದು" ಎಂದು ಬೆರಳುಗಳಿಂದ ತಡವುತ್ತ ಬಂದು ಗಂಟುಗಳನ್ನು ಬಿಚ್ಚಿದರು. ಹೊರಗೆ ಬಿದ್ದು ನಾನು ಅತ್ತೆ. ನಾಚಿಕೆಯಿಂದಲ್ಲ, ಭಯಕ್ಕೆ ಅತ್ತೆ. ನಾನೋ ಕಿರುಚಿದೆ, ಆಮೆ ಏನು ಮಾಡುತ್ತದೆ ಎಂದು ಕೇಳಿದೆ. ಏನೂ ಮಾಡುವುದಿಲ್ಲ, ಬಲೆ ಮೇಲಕ್ಕೆಳೆದು ನೋಡಿದಾಗ ಸುಮ್ಮನಿರುತ್ತದೆ ಎಂದರು. ಸತ್ತದ್ದನ್ನು ನೀರಿಗೆ ಬಿಟ್ಟು ಮುಂದೆ ಹೋಗುತ್ತಾರಂತೆ. ಆ ಬಗ್ಗೆ ದೋಣಿಯಲ್ಲಿ ಯಾರೂ ಮಾತನಾಡುವುದಿಲ್ಲವಂತೆ.

ಮುಚ್ಚಳಗಳನ್ನು ಗೇಣಿಗೆ ಇಳಿಸಿ, ಗಂಟು ತೆಗೆದು, ಮತ್ತೆ ಹೊಲಿದೆ. ಮತ್ತೆ ಒಳಗೆ ಹೋಗಲು ಮೈ ಒಪ್ಪಲಿಲ್ಲ, ಆದರೂ ಹೋದೆ. ಈ ಸಲ ತಲೆ ತಾಗುತ್ತಲೇ ಕಿಂಡಿ ತೆರೆಯಿತು. ನೆಲಮಾಳಿಗೆಯ ಹಳಸಲು ಗಾಳಿ ಅಷ್ಟು ಹಿತವಾಗಿತ್ತೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ.

ಮುದುಕರು ಮುಚ್ಚಳದ ಅಂಚನ್ನು ಸವರುತ್ತ ಕುಳಿತಿದ್ದರು. ಆಮೇಲೆ ದನಿ ತಗ್ಗಿಸಿ, "ಇಲ್ಲೊಂದು, ಇಲ್ಲೊಂದು ಕುಣಿಕೆ ಹೊಲಿದುಕೊಡು" ಎಂದರು.

"ಯಾಕ್ರೀ?"

"ತಪಾಸಣೆ ಮುಗಿದ ಮೇಲೆ ಕಿಂಡಿ ಕಟ್ಟಿಬಿಡುದು. ಎಲ್ಲರೂ ಹಾಗೇ ಮಾಡುದು. ಸಿಗಡಿ ಹೋದ್ರೆ ನಾವೆಂತ ತಿನ್ನುದು?"

ಪಿತ್ತ ನೆತ್ತಿಗೇರಿತು. ನನ್ನ ಕೂಗಾಟ ಕೇಳಿ ಅಂಗಡಿಯ ಮಾಲೀಕರು ಮೆಟ್ಟಿಲ ಮೇಲಿನಿಂದಲೇ, "ಕಸ್ಟಮರ್ ಕೇಳಿದ್ದು ಹಾಕ್ಕೊಡಮ್ಮಾ, ನಿಂಗ್ಯಾಕೆ ಪಂಚಾಯ್ತಿ?" ಎಂದರು. ಹೊಲಿಯದಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಹೊಲಿದರೆ ಆ ಕಿಂಡಿ ಇದ್ದೂ ಇಲ್ಲದಂತೆ.

"ಹೊಲಿತೀನಿ ಕಾಕಾ. ಅದಕ್ಕೂ ಮೊದ್ಲು ನೀವೊಮ್ಮೆ ಒಳಗೆ ಹೋಗ್ರಿ" ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪಂಚೆ ಎತ್ತಿ ಕಟ್ಟಿ, ಕನ್ನಡಕ ತೆಗೆದು ಮೂಟೆಯ ಮೇಲಿಟ್ಟು, ತಡವುತ್ತ ಒಳಗೆ ತೆವಳಿದರು. ನಾನು ಹೊರಗಿನಿಂದ ಎರಡೂ ಮುಚ್ಚಳಗಳನ್ನು ಸೇರಿಸಿ, ಕುಣಿಕೆ ಬರಬೇಕಾದಲ್ಲಿ ಬೆರಳಿನಿಂದ ಹಿಡಿದೆ. ಬೋಳು ತಲೆ ಬಂದು ನನ್ನ ಅಂಗೈಗೆ ತಾಗಿತು. ಒಮ್ಮೆ ತಳ್ಳಿದರು. ಮತ್ತೊಮ್ಮೆ ತಳ್ಳಿದರು. ಅವರ ಬೆವರು ಬಲೆಯ ಕಣ್ಣುಗಳಿಂದ ಇಳಿದು ನನ್ನ ಕೈಗೆ ಹತ್ತಿತು. ಬಿಡು ಎನ್ನಲಿ ಎಂದು ಕಾದೆ. ಅನ್ನಲಿಲ್ಲ. ತಳ್ಳುವುದನ್ನೇ ನಿಲ್ಲಿಸಿಬಿಟ್ಟರು. ಅದಕ್ಕೆ ಹೆದರಿ ಕೈ ಬಿಟ್ಟೆ.

ಹೊರಗೆ ಬಂದವರು ಕನ್ನಡಕಕ್ಕಾಗಿ ಬಹಳ ಹೊತ್ತು ತಡಕಾಡಿದರು. ನಾನು ತೆಗೆದುಕೊಟ್ಟೆ.

"ಕುಣಿಕೆ ಬೇಡ" ಎಂದರು.

ಊರಿಗೆ ಹೋಗಿ ಕಿಂಡಿ ಕಟ್ಟಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಅಂದು ಬಸ್ಸಿನಲ್ಲಿ ನಿಂತು ಬರುವಾಗ ನನಗೆ ಗೆದ್ದೆ ಅನ್ನಿಸಲಿಲ್ಲ. ಇಡೀ ಒಬ್ಬ ಮನುಷ್ಯ ಒಳಗಿನಿಂದ ತಳ್ಳುತ್ತಿದ್ದರೂ ಹಿಡಿದುಕೊಳ್ಳುವುದು ನನಗೆ ಏನೂ ಕಷ್ಟವಾಗಿರಲಿಲ್ಲ. ಎರಡು ಬೆರಳು ಸಾಕಾಗಿದ್ದವು.