ನಾಗವೇಣಿಯ ಕ್ಯಾಸೆಟ್ಟು

೧೯೯೮ರಲ್ಲಿ ನಾನು ಹೊಸದುರ್ಗದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದೆ. ಅರವತ್ತು ಹುಡುಗಿಯರಿಗೆ ಒಂದೇ ಟೇಪ್ ರೆಕಾರ್ಡರ್. ಅದರ ಸದ್ದಿಗಿಂತ ನನ್ನ ಬಾಯೇ ಜೋರು ಅಂತ ಅವರು ಆಡಿಕೊಳ್ಳುತ್ತಿದ್ದರು.

ಎಸ್ಸೆಸ್ಸೆಲ್ಸಿ ಓದುತ್ತಿದ್ದ ನಾಗವೇಣಿ ಚಿಕ್ಕಜಾಜೂರಿನ ರೈಲ್ವೆ ಗ್ಯಾಂಗ್‌ಮನ್ ಒಬ್ಬರ ಮಗಳು. ದಸರಾ ರಜೆಯಲ್ಲಿ ತಾಯಿ ತೀರಿಕೊಂಡಿದ್ದರು. ಪರೀಕ್ಷೆಯ ವರ್ಷ ಅಂತ ತಂದೆ ತಿಥಿ ಮುಗಿದ ಮಾರನೇ ದಿನವೇ ತಂದು ಬಿಟ್ಟರು. ದಿನಾ ಸಂಜೆ ಆಟದ ಹೊತ್ತಿನಲ್ಲಿ ಅವಳು ಟೇಪ್ ರೆಕಾರ್ಡರ್ ಪಕ್ಕ ಕೂತು ತನ್ನದೊಂದೇ ಕ್ಯಾಸೆಟ್ ಹಾಕುತ್ತಿದ್ದಳು. ಎಲ್ಲಾ ಅಳುಮುಂಜಿ ಸಿನಿಮಾ ಹಾಡುಗಳೇ. ಕೇಳಿ ಅಳುವುದು, ಆಮೇಲೆ ಮುಖ ತೊಳೆದು ಓದಲು ಕೂರುವುದು.

ನನಗೆ ನೋಡಿ ತಡೆಯಲಾಗಲಿಲ್ಲ. ಈ ಹಾಡುಗಳೇ ಹುಡುಗಿಯನ್ನು ಹಾಳು ಮಾಡುತ್ತವೆ ಅನ್ನೋ ದಿಗಿಲು. ಬೈದರೆ ನೊಂದಾಳು ಅಂತ, ಮಹಾ ಜಾಣೆಯ ಹಾಗೆ ಒಂದು ಕೆಲಸ ಮಾಡಿದೆ. ಹಾಡು ಅಳಿಸಿಹೋಗದಿರಲಿ ಅಂತ ಕ್ಯಾಸೆಟ್ಟಿನ ಅಂಚಿನ ಪುಟ್ಟ ಪಟ್ಟಿ ಮುರಿದಿರುತ್ತಾರಲ್ಲ, ಆ ತೂತಿಗೆ ಗಮ್ ಟೇಪ್ ಅಂಟಿಸಿ, ಅವಳಿಗೆ ತಿಳಿಯದ ಹಾಗೆ ಹಳೇ ಹಾಡಿನ ಮೇಲೇ ಎರಡೂ ಕಡೆ ಕುಣಿಯೋ ಹಾಡು ತುಂಬಿಸಿಟ್ಟೆ.

ಮರುದಿನ ಅವಳು ಅರ್ಧ ನಿಮಿಷ ಕೇಳಿ ನಿಲ್ಲಿಸಿದಳು. ಅಳಲಿಲ್ಲ. ಗೆದ್ದೆ ಅಂದುಕೊಂಡೆ. ಆ ವಾರವೆಲ್ಲ ಅವಳು ಅಳಲಿಲ್ಲ, ಪುಸ್ತಕವನ್ನೂ ಮುಟ್ಟಲಿಲ್ಲ, ತಟ್ಟೆ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಭಾನುವಾರ ಬೆಳಿಗ್ಗೆ ಟ್ರಂಕಿನ ಸಮೇತ ಕಾಣೆ. ನಾನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಓಡಿದೆ. ಊರಿಗೆ ಹೋಗಲು ಹೊಳಲ್ಕೆರೆ ಬಸ್ಸಿಗೆ ಕಾಯುತ್ತಾ ಕೂತಿದ್ದಳು. ಓದು ಸಾಕು, ಪರೀಕ್ಷೆ ಬರೆಯೋದಿಲ್ಲ ಅಂದಳು. ಯಾಕೆ ಅಂತ ಕೇಳಿದೆ.

“ಆ ಹಾಡು ಹಾಕ್ಕಂಡ್ರೆ ಅಳು ಬರ್ತಿತ್ತು ಮಿಸ್. ಅತ್ತ ಮೇಲೆ ಓದಾಕೆ ಆಗ್ತಿತ್ತು. ಈಗ ಎಲ್ಲ ಒಳಗೇ ಐತೆ.”

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಗರ ಬಡಿದ ಹಾಗೆ ಕೂತವರನ್ನು ತಬ್ಬಿಕೊಂಡು, ಅವರಿಗೆ ಅಳು ಬರೋವರೆಗೂ ಬಿಡೋದಿಲ್ಲ. ನನ್ನ ಗಂಡ ಹೋದಾಗ ನನಗೂ ಹಾಗೇ ಮಾಡಿದ್ದರು, ಆಮೇಲೇ ನನ್ನ ಗಂಟಲಲ್ಲಿ ನೀರು ಇಳಿದದ್ದು. ಅಂಥವಳು ಈ ಮಗುವಿನ ಅಳು ಕಿತ್ತುಕೊಂಡಿದ್ದೆ. ಥೂ ಅನ್ನಿಸಿತು ನನ್ನ ಮೇಲೆ.

“ಕ್ಯಾಸೆಟ್ ಕೆಡಿಸಿದ್ದು ನಾನೇ ಕಣವ್ವ. ತಪ್ಪಾತು,” ಅಂದೆ.

ಅವಳು ಟ್ರಂಕು ಎತ್ತಿಕೊಂಡು ಎದ್ದಳು. ಅಷ್ಟರಲ್ಲಿ ಬಸ್ ಬಂತು. ಮುಂದಿನ ಬಸ್ಸಿಗೆ ನಾನೇ ಹತ್ತಿಸ್ತೀನಿ, ಒಂದ್ಸಲ ಎದುರಿನ ಕ್ಯಾಸೆಟ್ ಅಂಗಡಿಗೆ ಬಾ ಅಂತ ಬೇಡಿಕೊಂಡೆ. ಇರೋದರಲ್ಲೇ ಹೆಚ್ಚು ಅಳು ಬರಿಸೋ ಹಾಡು ಕೊಡ್ರಿ ಅಂದಾಗ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾಗವೇಣಿ ಟ್ರಂಕು ಕೆಳಗಿಟ್ಟು ತಾನೇ ಆರಿಸತೊಡಗಿದಳು. ಮುಂದಿನ ಬಸ್ಸೂ ಹೋಯಿತು.

ಆ ಸಂಜೆ ಅವಳ ಪಕ್ಕ ನಾನೂ ಕೂತೆ. ಎರಡನೇ ಹಾಡು ಬಂದಾಗ ಮೊದಲು ಅತ್ತವಳು ನಾನೇ. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟಳು, ಆಮೇಲೆ ತಾನೂ ಅತ್ತಳು. ಮುಖ ತೊಳೆದು ಬಂದು ಗಣಿತದ ಪುಸ್ತಕ ತೆಗೆದಳು.

ಮುಂದೆ ಹತ್ತು ವರ್ಷ ವಾರ್ಡನ್ ಆಗಿದ್ದೆ. ಹಾಡು ಕೇಳಿ ಅಳುವ ಹುಡುಗಿ ಕಂಡರೆ, ಜಾಗ ಐತಾ ಅಂತ ಕೇಳಿ ಪಕ್ಕದಲ್ಲಿ ಕೂರುತ್ತಿದ್ದೆ. ನನ್ನ ನಿದ್ದೆ ಕೆಡಿಸುತ್ತಿದ್ದವಳು ನೋವೆಲ್ಲ ಒಳಗೇ ಇಟ್ಟುಕೊಂಡು ಯಾವ ಹಾಡೂ ಬೇಡ ಅನ್ನುವ ಹುಡುಗಿ.