ಒಗ್ಗರಣೆಯ ಘಾಟು, ಅಮ್ಮನ ಕಣ್ಣು

ನಮ್ಮ ಯಜಮಾನರು ಶ್ರೀನಿವಾಸಪುರದ ಸೇವಾ ಕ್ಲಬ್ಬಿಗೆ ಸೇರಿದ ಮೇಲೆ ಮನೆಗೊಂದು ಕೋಟು ಬಂತು, ಕೋಟಿಗೊಂದು ಬ್ಯಾಡ್ಜು ಬಂತು. ಕ್ಲಬ್ಬಿನ ಸಭೆ ಇಂಗ್ಲಿಷಿನಲ್ಲಿ ಶುರುವಾಗುತ್ತಿತ್ತು. ಅಧ್ಯಕ್ಷರು ಗಂಟೆ ಬಾರಿಸಿ ನಾಲ್ಕು ಮಾತು ಓದುವಷ್ಟರಲ್ಲಿ ಅದು ಕನ್ನಡಕ್ಕೆ ತಿರುಗಿ, ಕಾಫಿ ಬರುವ ಹೊತ್ತಿಗೆ ಪೂರ್ತಿ ತೆಲುಗಾಗಿರುತ್ತಿತ್ತು. ನಾನು ಹೈಸ್ಕೂಲಿನ ಮೇಡಂ, ನನಗೆ ನಗು ತಡೆಯುತ್ತಿರಲಿಲ್ಲ. ಆದರೆ ಕ್ಲಬ್ಬಿನವರು ಕೆಲಸ ಮಾಡುತ್ತಿದ್ದರು, ಅದನ್ನು ಇಲ್ಲವೆನ್ನಲಾರೆ. ಬಸ್ ಸ್ಟ್ಯಾಂಡಿನಲ್ಲಿ ಕುಡಿಯುವ ನೀರಿನ ತೊಟ್ಟಿ ಕಟ್ಟಿಸಿದರು, ನಮ್ಮ ಶಾಲೆಗೆ ಬೆಂಚು ಕೊಡಿಸಿದರು. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ದಸರಾ ರಜೆಗೆ ಅದೇ ಶಾಲೆಯಲ್ಲಿ ಕಣ್ಣಿನ ಶಿಬಿರ ಮಾಡುವುದೆಂದು ತೀರ್ಮಾನಿಸಿದರು. ಬೆಂಗಳೂರಿನ ಡಾಕ್ಟರು ಬಂದು ಪೊರೆ ತೆಗೆಯುತ್ತಾರೆ, ಊಟ ವಸತಿಯೆಲ್ಲ ಕ್ಲಬ್ಬಿನದು.

ನನಗೆ ಮೊದಲು ನೆನಪಾದದ್ದು ಅಮ್ಮ. ಅವಳು ಮಾಲೂರು ತಾಲ್ಲೂಕಿನಲ್ಲಿ, ಲಕ್ಕೂರಿನ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಒಂದು ಕಣ್ಣಿಗೆ ಯಾರೋ ಯಾವುದೋ ಸೊಪ್ಪಿನ ರಸ ಬಿಟ್ಟು ಅದು ಎಂದೋ ಹೋಗಿತ್ತು. ಉಳಿದ ಕಣ್ಣಿಗೆ ಪೊರೆ ಬಂದು, ರೇಷ್ಮೆಹುಳಕ್ಕೆ ಸೊಪ್ಪು ಹಾಕುವಾಗ ಹುಳ ಯಾವುದು ಸೊಪ್ಪು ಯಾವುದು ಎಂದು ಬೆರಳಲ್ಲಿ ತಡವಿ ನೋಡುತ್ತಿದ್ದಳು.

ಕರೆದುಕೊಂಡು ಹೋಗಲು ಹೋದರೆ ಅಣ್ಣ ಬಾಗಿಲಿಗೆ ಅಡ್ಡ ನಿಂತ.

"ಇರೋದೊಂದೇ ಕಣ್ಣು. ಮಬ್ಬೋ ಗಿಬ್ಬೋ, ಬಾಗ್ಲು ಯಾವ್ದು ಗೋಡೆ ಯಾವ್ದು ಅಂತಾದ್ರೂ ಕಾಣ್ತದೆ. ಅದೂ ಹೋದ್ರೆ?"

"ಹೋಗಲ್ಲ ಕಣೋ."

"ಹೋದ್ರೆ ನೀನೇ ಹೊಣೆ. ಆಮೇಲೆ ಈ ಮನೆ ಹೊಸ್ಲು ತುಳೀಬೇಡ, ಈಗ್ಲೇ ಹೇಳಿದೀನಿ."

ನನ್ನ ಅಣ್ಣ ಹೇಳಿದ್ದನ್ನು ಮಾಡುವ ಮನುಷ್ಯ. ಚಿಕ್ಕಪ್ಪನ ಜೊತೆ ಬೇಲಿ ಜಗಳಕ್ಕೆ ಮಾತು ಬಿಟ್ಟವನು, ಅವರು ಸಾಯುವವರೆಗೂ ಮಾತಾಡಿಸಿರಲಿಲ್ಲ. ಅಮ್ಮ ಮಾತ್ರ ಎರಡು ಸೀರೆ ಗಂಟು ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಕೋಲಾರದಲ್ಲಿ ಬಸ್ಸು ಬದಲಾಯಿಸುವಾಗ, ಕೆಲಸವಿಲ್ಲದೆ ಯಾಕೆ ಇದನ್ನು ಮೈಮೇಲೆ ಎಳೆದುಕೊಂಡೆ ಎನ್ನಿಸಿತು.

ಆಗಿನ ಪೊರೆ ಆಪರೇಷನ್ನು ಈಗಿನ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥದ್ದಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಅಕ್ಕಪಕ್ಕ ಮರಳಿನ ಚೀಲ ಇಟ್ಟು ಅಂಗಾತ ಮಲಗಿಸುತ್ತಿದ್ದರು. ಆ ಚೀಲಗಳನ್ನು ಹೊಲಿದವರು ನಾವು, ಕ್ಲಬ್ಬಿನವರ ಹೆಂಡತಿಯರು. ಕೆಮ್ಮಬಾರದು, ಸೀನಬಾರದು, ಗಟ್ಟಿ ಪದಾರ್ಥ ಅಗಿಯಬಾರದು. ಸೀನಿದರೆ ಗಾಯ ಬಿಟ್ಟುಕೊಂಡು ಕಣ್ಣೇ ಹೋಗಬಹುದು ಎಂದು ಡಾಕ್ಟರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದರು. ಊಟಕ್ಕೆ ಗಂಜಿ ಸಾಕು ಎಂದರು.

ಅಧ್ಯಕ್ಷರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ಮಾವಿನ ಮಂಡಿಯ ಸಾಹುಕಾರರು, ಮನೆಗೆ ಬಂದ ದಲ್ಲಾಳಿಯನ್ನೂ ಊಟವಿಲ್ಲದೆ ಕಳಿಸಿದವರಲ್ಲ.

"ನಮ್ಮೂರಿಗೆ ಬಂದೋರಿಗೆ ಗಂಜಿ ಇಕ್ಕಿ ಕಳ್ಸೋದಾ ಡಾಕ್ಟ್ರೇ? ಮಾನ ಹೋಗ್ತದೆ."

"ಅಗಿಯುವ ಹಾಗಿಲ್ಲ ಸಾಹುಕಾರ್ರೇ."

"ಮುದ್ದೆ ಯಾರು ಸಾರ್ ಅಗೀತಾರೆ? ನುಂಗೋದು!"

ಡಾಕ್ಟರು ಬೆಂಗಳೂರಿನಲ್ಲಿದ್ದರೂ ಮುದ್ದೆ ಕಾಣದ ಸೀಮೆಯವರು. ನಮ್ಮ ಮುಖ ನೋಡಿದರು. ನಾವೆಲ್ಲ ಹೌದೆಂದು ತಲೆಯಾಡಿಸಿದೆವು. ಹಾಗೆ ಮುದ್ದೆ ಪಾಸಾಯಿತು. ಮುದ್ದೆ ಅಂದ ಮೇಲೆ ಬಸ್ಸಾರು ಆಗಬೇಕು, ಬಸ್ಸಾರು ಅಂದ ಮೇಲೆ ಒಗ್ಗರಣೆ ಆಗಬೇಕು. ಅಷ್ಟು ದೂರ ಯಾರೂ ಯೋಚಿಸಲಿಲ್ಲ.

ಅಮ್ಮನಿಗೆ ಆಪರೇಷನ್ ಆದ ಮಾರನೆಯ ದಿನ ಮಧ್ಯಾಹ್ನ ಮಳೆ ಹನಿಯಿತು. ಶಾಲೆಯ ಬಯಲಿನಲ್ಲಿ ಒಲೆ ಹೂಡಿದ್ದ ಅಡುಗೆಯವರು ಹಂಡೆ, ಬಾಣಲೆ ಎಲ್ಲ ಎತ್ತಿಕೊಂಡು ಹಿಂದಿನ ಜಗಲಿಗೆ ಬಂದರು. ಜಗಲಿಯ ಗೋಡೆಗೆ ಕಿಟಕಿ, ಕಿಟಕಿಯ ಆಚೆಗೆ ರೋಗಿಗಳು ಮಲಗಿದ್ದ ದೊಡ್ಡ ಕೊಠಡಿ. ನಾನು ಮುಂಭಾಗದಲ್ಲಿ ಲೋಟ ತೊಳೆಯುತ್ತಿದ್ದೆ. ಅಧ್ಯಕ್ಷರ ದನಿ ಕೇಳಿಸಿತು: "ಇನ್ನೊಂದು ಹಿಡಿ ಮೆಣಸಿನ್ಕಾಯಿ ಹಾಕಯ್ಯಾ, ನಿಮ್ಮಪ್ಪನ ಮನೇದಾ?"

ಚುಂಯ್ ಅಂತ ಸದ್ದಾಯಿತು. ಒಣಮೆಣಸಿನಕಾಯಿ ಸೀದ ಘಾಟು ಇಡೀ ಶಾಲೆಗೆ ಹಬ್ಬಿತು. ನನಗೇ ಗಂಟಲು ಹಿಡಿದು ಕೆಮ್ಮು ಬಂತು. ಆಮೇಲೆ ಕೊಠಡಿಯ ಒಳಗಿಂದ ಒಬ್ಬರು ಕೆಮ್ಮಿದ್ದು ಕೇಳಿಸಿತು, ಹಿಂದೆಯೇ ಇನ್ನೊಬ್ಬರು. ಯಾರೋ ಅಜ್ಜ "ಎವರ್ರಾ ಅದಿ!" ಎಂದು ತೆಲುಗಿನಲ್ಲಿ ಬೈಯುತ್ತಲೇ ಸೀನಿದ. ಲೋಟ ಎಸೆದು ಓಡಿದೆ.

ಒಳಗೆ ನರ್ಸಮ್ಮ "ಬಾಯಲ್ಲಿ ಉಸಿರು ಬಿಡಿ, ಬಾಯಲ್ಲಿ" ಎಂದು ಕೂಗುತ್ತಿದ್ದಳು. ನಮ್ಮ ಯಜಮಾನರು ಕಿಟಕಿ ಬಾಗಿಲು ಎಳೆದು ಮುಚ್ಚುತ್ತಿದ್ದರು. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ಕೈ ಮುಷ್ಟಿ ಮಾಡಿ ನೆಟ್ಟಗೆ ಮಲಗಿದ್ದಳು. ನಾನು ಅವಳ ಮೂಗಿನ ಕೆಳಗೆ ಹೆಬ್ಬೆರಳು ಒತ್ತಿ ಹಿಡಿದೆ.

"ಅಮ್ಮ, ಸೀನಿದ್ಯಾ? ಕೆಮ್ಮಿದ್ಯಾ?"

ಇಲ್ಲವೆಂದು ಕೈ ಆಡಿಸಿದಳು.

ಆಪರೇಷನ್ ಕೋಣೆಯಿಂದ ಡಾಕ್ಟರು ಮುಖಕ್ಕೆ ಕಟ್ಟಿದ ಬಟ್ಟೆಯಲ್ಲೇ ಓಡಿ ಬಂದು ಅಧ್ಯಕ್ಷರನ್ನು ಇಂಗ್ಲಿಷಿನಲ್ಲಿ ಬೈದರು. ಆ ದಿನ ಅಧ್ಯಕ್ಷರಿಗೆ ಇಂಗ್ಲಿಷು ಪೂರ್ತಿ ಅರ್ಥವಾಯಿತು. ನೆನೆದ ಗೋಣಿಚೀಲ ಬಾಣಲೆಯ ಮೇಲೆ ಎಸೆದು, ಬ್ಯಾಡ್ಜು ಕಿತ್ತು ಜೇಬಿಗೆ ಹಾಕಿಕೊಂಡು, ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಆ ಗೋಣಿಚೀಲವನ್ನೇ ಅವರ ತಲೆಯ ಮೇಲೆ ಹೊದಿಸಬೇಕೆನ್ನಿಸಿತ್ತು ನನಗೆ.

ಪಟ್ಟಿ ಬಿಚ್ಚುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಅಲ್ಲಿಂದ ಮುಂದೆ ಗಂಜಿಯೇ. ಅಧ್ಯಕ್ಷರು ಮಂಡಿಯ ಕಡೆ ತಲೆಹಾಕದೆ ಒಬ್ಬೊಬ್ಬರಿಗೂ ತಾವೇ ಚಮಚದಲ್ಲಿ ಕುಡಿಸಿದರು. ನನಗೆ ಅನ್ನ ಇಳಿಯಲಿಲ್ಲ. ಅಮ್ಮ ಮಾತ್ರ ಪಕ್ಕದ ಹಾಸಿಗೆಯ ಮುದುಕಿಯ ಜೊತೆ ಸೊಸೆಯಂದಿರ ವಿಷಯ ಮಾತಾಡಿಕೊಂಡು ಆರಾಮಾಗಿದ್ದಳು. ಅದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬರುತ್ತಿತ್ತು.

ಪಟ್ಟಿ ಬಿಚ್ಚುವ ದಿನ ಅಣ್ಣ ಬಂದ. ಘಾಟಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಬಾಗಿಲಲ್ಲಿ ಕೈಕಟ್ಟಿ ನಿಂತ, ನನ್ನನ್ನು ಮಾತಾಡಿಸಲಿಲ್ಲ. ಡಾಕ್ಟರು ಹತ್ತಿ ತೆಗೆದು, ಕಣ್ಣು ಒರೆಸಿ, ದಪ್ಪ ಗಾಜೊಂದನ್ನು ಅಮ್ಮನ ಕಣ್ಣಿನ ಮುಂದೆ ಹಿಡಿದು, ಇನ್ನೊಂದು ಕೈಯ ಬೆರಳು ಎತ್ತಿದರು.

"ಇದು ಎಷ್ಟಮ್ಮ?"

ಅಮ್ಮ ಗಾಜಿನ ಹಿಂದೆ ಎರಡು ಸಲ ಕಣ್ಣು ಮಿಟುಕಿಸಿದಳು.

"ಮೂರು," ಅಂದಳು. ಆಮೇಲೆ ಕತ್ತು ಸ್ವಲ್ಪ ಮುಂದೆ ಚಾಚಿ, "ನಡುವಿಂದಕ್ಕೆ ಉಂಗ್ರ ಐತೆ. ಕೆಂಪು ಕಲ್ಲು."

ಅಬ್ಬಾ ಎನ್ನಿಸಿತು. ಮಣಭಾರ ಇಳಿಸಿದ ಹಾಗೆ ಮೈ ಹಗುರವಾಗಿ, ಗೋಡೆಗೆ ಒರಗಿಕೊಂಡೆ. ಅಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆ ದಿನ ಪಟ್ಟಿ ಬಿಚ್ಚಿದವರಲ್ಲಿ ಯಾರ ಕಣ್ಣೂ ಹೋಗಿರಲಿಲ್ಲ. ಬೈದು ಸೀನಿದ್ದ ಅಜ್ಜನನ್ನು ಮಾತ್ರ ಇನ್ನೂ ಸ್ವಲ್ಪ ದಿನ ಮಲಗಿರು ಎಂದರು. ಅಧ್ಯಕ್ಷರು ಅಂಗಳಕ್ಕೆ ಹೋಗಿ, ಯಾವ ದಿಕ್ಕಿಗೆ ಯಾವ ದೇವರಿದ್ದಾನೆಂದು ನೋಡದೆ ನಾಲ್ಕು ದಿಕ್ಕಿಗೂ ಕೈಮುಗಿದರು.

"ನಾನು ಅಂದಿದ್ದು ಮನ್ಸಿಗೆ ಹಾಕ್ಕೋಬೇಡ್ವೇ," ಎಂದು ಅಣ್ಣ ನನಗೆ ಹೇಳಿ, ಬಸ್ಸು ಎಷ್ಟು ಹೊತ್ತಿಗೆಂದು ಕೇಳಿಕೊಂಡು ಬರಲು ಹೋದ. ಅವನು ಗೇಟು ದಾಟಿದ ಮೇಲೆ ಅಮ್ಮ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಆವತ್ತು ಸೀನಿದ್ದೆ ಕಣೇ. ನೀನು ಬರೋಕ್ ಮುಂಚೆ. ಒಳಗೆ ಚುಳ್ ಅಂತು. ಇನ್ನು ಹೋಯ್ತು ಅಂದ್ಕೊಂಡೆ."

"ಅಯ್ಯೋ, ಯಾಕಮ್ಮ ಹೇಳ್ಲಿಲ್ಲ? ಡಾಕ್ಟ್ರಿಗಾದ್ರೂ ಹೇಳ್ಬಾರ್ದಾಗಿತ್ತಾ?"

"ಡಾಕ್ಟ್ರಿಗೆ ಹೇಳಿದ್ರೆ ಊರಿಗೆಲ್ಲ ಗೊತ್ತಾಗೋದು. ನಿಮ್ಮಣ್ಣನ ಕಿವಿಗೆ ಬಿದ್ರೆ ನಿನ್ನ ಬಿಡ್ತಿದ್ನಾ? ಕಣ್ಣು ಬರ್ದಿದ್ರೆ, ನಿದ್ದೇಲಿ ನಾನೇ ಪಟ್ಟಿ ಕಿತ್ಕೊಂಡು ಉಜ್ಕೊಂಡ್ಬಿಟ್ಟೆ ಅಂತ ಹೇಳೋಣ ಅಂತಿದ್ದೆ." ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. "ನಂಗೆ ಕಣ್ಣಿಲ್ದೆ ಹೋದ್ರೂ ನೀನು ಮನೆಗೆ ಬಂದು ಹೋಗ್ತಾ ಇರ್ಬೇಕಲ್ವೇನೇ."

ನಾನು ನೆಲಕ್ಕೆ ಕುಸಿದು ಕೂತು, ಅವಳ ಮಡಿಲಲ್ಲಿ ಮುಖ ಇಟ್ಟು, ಶಾಲೆಯ ಮೇಡಂ ಅನ್ನುವುದನ್ನೂ ಮರೆತು ಬಿಕ್ಕಿಬಿಕ್ಕಿ ಅತ್ತೆ. ಅಣ್ಣ ವಾಪಸ್ಸು ಬಂದವನು, ಇವಳಿಗೇನಾಯಿತು ಎಂದು ಗಾಬರಿಯಿಂದ ಕೇಳಿದ.

"ಏನಿಲ್ಲ ಕಣಪ್ಪ," ಅಂದಳು ಅಮ್ಮ. "ಸಂತೋಷಕ್ಕೆ."