ಕೊನೆಯ ಹದಿನಾರು ಪುಟ

ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಮಾತು ತೆಗೆದರೆ ನಾನು ಮೊದಲಿನಿಂದಲೂ ನಕ್ಕು ಎದ್ದುಹೋಗುವವಳು. ನಮ್ಮಜ್ಜಿ ಅಂಥ ಕತೆಗಳ ಗಣಿ. ಆಕೆಯ ತೊಡೆಯ ಮೇಲೆ ಮಲಗಿ ನಾನು ಮಾತು ಕಲಿತೆನೇ ಹೊರತು ಹೆದರಿಕೆ ಕಲಿಯಲಿಲ್ಲ. ಅದಕ್ಕೆ ಕಾರಣ ಪತ್ತೇದಾರಿ ಕಾದಂಬರಿಗಳು. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೆಣ ಬಿದ್ದಿರಲಿ, ಸತ್ತವನ ಕೈಬರಹದಲ್ಲಿ ಕಾಗದ ಬರಲಿ, ಕೊನೆಯ ಪುಟಗಳಲ್ಲಿ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಕಾರಣ ಸಿಗದ್ದು ಅಂತ ಲೋಕದಲ್ಲಿ ಯಾವುದೂ ಇಲ್ಲ, ಹುಡುಕುವವರಿಗೆ ತಾಳ್ಮೆ ಬೇಕಷ್ಟೆ ಎಂದು ನಾನು ನಂಬಿದ್ದೆ. ಈಗ ಹೇಳುವುದನ್ನು ಬೇರೆ ಯಾರಾದರೂ ನನ್ನ ಮುಂದೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವು ನಂಬಲೇಬೇಕು ಅಂತ ನನ್ನ ಹಟವೂ ಇಲ್ಲ.

ನಮ್ಮೂರು ಕೊಟ್ಟೂರು. ಬಸ್ ಸ್ಟ್ಯಾಂಡಿನಿಂದ ಎರಡು ಓಣಿ ಒಳಗೆ ಖಾಸೀಮ್ ಸಾಬರ ಬೈಂಡಿಂಗ್ ಅಂಗಡಿ ಇತ್ತು. ಶಾಲೆಯ ಹಾಜರಿ ಪುಸ್ತಕ, ಹರಿದ ಪುರಾಣ, ಸೊಸೈಟಿಯವರ ದಪ್ಪ ದಪ್ಪ ರಿಜಿಸ್ಟರು, ಏನೇ ಕೊಡಿ, ಹೊಲಿದು ರಟ್ಟು ಹಾಕುವುದು ಅವರ ಕಸುಬು. ಅದರ ಜೊತೆಗೆ ಒಂದು ಗೋಡೆ ತುಂಬ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಓದಲು ಕೊಡುತ್ತಿದ್ದರು. ಮಕ್ಕಳವು ಕೆಳಗಿನ ಹಲಗೆಯಲ್ಲಿ, ದೊಡ್ಡವರವು ಮೇಲೆ. ಆದರೆ ಒಯ್ದವರು ಪುಸ್ತಕ ತಿರುಗಿ ತರುತ್ತಿರಲಿಲ್ಲ. ತಂದವರು ಕೊಲೆಗಾರ ಇಂಥವನೇ ಅಂತ ಪೆನ್ಸಿಲಿನಲ್ಲಿ ಗೀಚಿ ಮುಂದಿನವರ ಓದು ಕೆಡಿಸುತ್ತಿದ್ದರು.

ಸಾಬರು ಬೈಂಡರನಿಗೇ ಹೊಳೆಯುವಂಥ ಉಪಾಯ ಮಾಡಿದರು. ಪ್ರತಿ ಕಾದಂಬರಿಯ ಹೊಲಿಗೆ ಬಿಚ್ಚಿ, ಕೊನೆಯ ಹದಿನಾರು ಪುಟ ತೆಗೆದಿಟ್ಟು, ಉಳಿದದ್ದಕ್ಕೆ ರಟ್ಟು ಹಾಕಿದರು. ತೆಗೆದ ಪುಟಗಳಿಗೆ ದಾರ ಕಟ್ಟಿ, ನಂಬರ್ ಬರೆದು ತಗಡಿನ ಟ್ರಂಕಿನೊಳಗೆ ಇಟ್ಟರು. ಪುಸ್ತಕ ತಿರುಗಿ ತಂದವರಿಗೆ ಆ ಕಟ್ಟು ಸಿಗುತ್ತಿತ್ತು. ಅಂಗಡಿಯ ಬೆಂಚಿನ ಮೇಲೆ ಕೂತು ಓದಿ, ಮತ್ತೆ ದಾರ ಕಟ್ಟಿ ಅವರ ಕೈಗೆ ಕೊಟ್ಟು ಹೋಗಬೇಕು. ಊರಿನ ಎಂತೆಂಥ ಗತ್ತಿನ ಮನುಷ್ಯರೂ ಕೊಲೆಗಾರ ಯಾರು ಅಂತ ತಿಳಿಯಲು ಆ ಬೆಂಚಿನ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದನ್ನು ನಾನು ಕಂಡಿದ್ದೇನೆ.

ನಮ್ಮಣ್ಣ ಬಸಣ್ಣನಿಗೂ ನನಗೂ ಇದೇ ಆಟ. ಪುಸ್ತಕ ಮುಗಿಸಿದ ಮೇಲೆ, ಕೊನೆಯ ಕಟ್ಟು ಬಿಚ್ಚುವ ಮೊದಲು, ಕೊಲೆ ಮಾಡಿದವರು ಯಾರು ಅಂತ ಒಬ್ಬೊಬ್ಬರು ಒಂದು ಚೀಟಿಯಲ್ಲಿ ಬರೆದು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಡಬೇಕು. ಅವನು ತಪ್ಪಿದ್ದು ನನಗೆ ನೆನಪಿಲ್ಲ. ನಾನು ಸರಿ ಬರೆದದ್ದೂ ಅಪರೂಪ. “ಏನಲೇ ಟೀಚರಮ್ಮ, ನೀ ಹಿಡದ ಕಳ್ಳ ಮೂರನೇ ಪಾಠದಾಗ ಸತ್ತಾನಲ್ಲ” ಅಂತ ಬೆಂಚಿನ ಮೇಲೆ ಬಿದ್ದು ಬಿದ್ದು ನಗುತ್ತಿದ್ದ. ನಾನಾಗ ಕೂಡ್ಲಿಗಿ ಕಡೆಯ ಒಂದು ಹಳ್ಳಿಯ ಶಾಲೆಗೆ ಹೊಸದಾಗಿ ಸೇರಿದ್ದೆ. ಅವನದು ನೀರೆತ್ತುವ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಓದುತ್ತಾ ನಿಲ್ಲಿಸಿದ ಪುಟಕ್ಕೆ ಗುರುತಾಗಿ ಅವನು ಇಡುತ್ತಿದ್ದದ್ದು ಒಂದು ತುಂಡು ತಾಮ್ರದ ತಂತಿ.

ಒಂದು ಮಂಗಳವಾರ ಬೆಳಿಗ್ಗೆ ಹಡಗಲಿ ಕಡೆಯ ಹೊಲವೊಂದರಲ್ಲಿ ಮೋಟಾರು ನೋಡಬೇಕು ಅಂತ ಹೊರಟ. ನಾನು ಅರ್ಧ ಓದಿದ್ದ ಪುಸ್ತಕ ನನ್ನ ಕೈಯಿಂದ ಕಿತ್ತುಕೊಂಡು, “ಬಸ್ಸಿನಾಗ ಮುಗಿಸಿ ಸಂಜಿಗೆ ಕೊಡ್ತೀನಿ ತಗೋ” ಅಂದ. ಇನ್ನೂರಾ ಹದಿನಾಲ್ಕನೇ ನಂಬರಿನ ಪುಸ್ತಕ, ಕೆಂಪು ರಟ್ಟಿನದು. ಆ ಸಂಜೆ ಅವನು ಬರಲಿಲ್ಲ. ಆಮೇಲೆ ಯಾವ ಸಂಜೆಯೂ ಬರಲಿಲ್ಲ.

ನಾನು ಓದಿದ್ದನ್ನೆಲ್ಲ ಆಗ ಬಳಸಿ ನೋಡಿದೆ. ಪೊಲೀಸರಿಗೆ ಕೊಟ್ಟ ದೂರು ಒಂದು ಕಡೆ, ನನ್ನ ನೋಟುಪುಸ್ತಕ ಇನ್ನೊಂದು ಕಡೆ. ಕೊನೆಗೆ ಕಂಡವರು ಯಾರು, ಮೈಮೇಲೆ ಏನಿತ್ತು, ಯಾರ ಜೊತೆ ಜಗಳ ಇತ್ತು. ಜಗಳ ಯಾರ ಜೊತೆಯೂ ಇರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಅವನು ಬಸ್ಸಿಳಿದದ್ದು ಕಂಡಕ್ಟರಿಗೆ ನೆನಪಿತ್ತು. ಅಲ್ಲಿ ಒಬ್ಬ ಚಹದಂಗಡಿಯವ, “ಹ್ಞೂಂ, ಒಬ್ಬಾಂವ ಪುಸ್ತಕ ಓದಿಕೋತ ಚಾ ಆರಿಸಿಬಿಟ್ಟ, ಮತ್ತೊಂದು ಕೊಟ್ಟೆ” ಅಂದ. ಹಡಗಲಿಯ ಹೊಲದವರು ನಿಮ್ಮಣ್ಣ ಬರಲೇ ಇಲ್ಲ ಅಂದರು. ಆ ಎರಡನೇ ಚಹದಿಂದ ಮುಂದೆ ಪುಟವೇ ಇಲ್ಲ. ಹರಪನಹಳ್ಳಿ, ಬಳ್ಳಾರಿ ಅಂತ ಆಸ್ಪತ್ರೆಗಳನ್ನೆಲ್ಲ ಸುತ್ತಿದೆ. ಒಮ್ಮೆ ಕೂಡ್ಲಿಗಿಯಲ್ಲಿ ಗುರುತು ಸಿಗದ ಹೆಣವೊಂದಿದೆ ಎಂದು ಕರೆದರು. ಅವನಲ್ಲ ಅಂತ ತಿಳಿದಾಗ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ನಮ್ಮವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಜ್ಯೋತಿಷ್ಯದವರು, ದೇವರು ಹೇಳುವವರು ಎಲ್ಲರ ಹತ್ತಿರ ಹೋಗಿ ಬಂದು ಕೊನೆಗೆ ಆಕೆ ಹಿಡಿದುಕೊಂಡದ್ದು ಒಂದೇ ಮಾತು. “ಕೊನೀ ಹಾಳಿ ಓದದ ಇರಾಂವಲ್ಲ ಅವ. ಓದಾಕರ ಬರ್ತಾನ.” ತಿಂಗಳಿಗೊಮ್ಮೆ ಸಾಬರ ಅಂಗಡಿಗೆ ಹೋಗಿ ಟ್ರಂಕು ತೆಗೆಸುವಳು. ಸಾಬರು ಇನ್ನೂರಾ ಹದಿನಾಲ್ಕರ ಕಟ್ಟು ಎತ್ತಿ ಆಕೆಯ ಕೈಗೆ ಕೊಡುವರು. ಅವ್ವ ಅದನ್ನು ಮುಟ್ಟಿ, ದಾರ ಬಿಗಿಯಾಗಿದೆಯೋ ನೋಡಿ, ವಾಪಸು ಕೊಟ್ಟು ಮನೆಗೆ ಬರುವಳು. ಆ ದಿನ ಮಾತ್ರ ಆಕೆ ಎರಡು ರೊಟ್ಟಿ ಉಣ್ಣುತ್ತಿದ್ದಳು.

ಒಮ್ಮೆ ನಾನೇ ಸಾಬರನ್ನು ಕೇಳಿದೆ, ಆ ಕಟ್ಟು ನನಗೆ ಕೊಟ್ಟುಬಿಡಿ ಅಂತ. ಅವರು ತಲೆ ಎತ್ತದೆ ಅಂಟು ಸವರುತ್ತಾ, “ಪುಸ್ತಕ ಬರಲಿ ಬೇಟಿ. ನಾ ಇದನ್ನ ನಿನಗ ಕೊಟ್ಟುಬಿಟ್ರ, ಅವ ಬಂದ ದಿನ ಏನು ಕೊಡ್ಲಿ?” ಅಂದರು.

ಹೀಗೆ ಹನ್ನೊಂದು ವರ್ಷ ಹೋಯಿತು. ಮೊಬೈಲು ಬಂದು ಓದುವವರು ಕಡಿಮೆಯಾದರು. ಸಾಬರಿಗೆ ಕಣ್ಣಲ್ಲಿ ಪೊರೆ ಬಂತು, ಮರೆವೂ ಶುರುವಾಯಿತು. ಆದರೂ ದಿನಾ ಅಂಗಡಿ ತೆಗೆದು ಕೂರುತ್ತಿದ್ದರು.

ಅದೊಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಕೂಡ್ಲಿಗಿ ಬಸ್ಸಿನಿಂದ ಇಳಿದು, ಮಕ್ಕಳ ಉತ್ತರ ಪತ್ರಿಕೆಗಳಿದ್ದ ಭಾರದ ಚೀಲ ಹೊತ್ತು ಓಣಿಗೆ ಬಂದೆ. ಸಾಬರ ಅಂಗಡಿಯ ಎದುರಿಗೇ ಬ್ಲೌಸ್ ಹೊಲಿಯುವ ಶಕುಂತಲಾ ಇದ್ದಾಳೆ. ನನ್ನ ಬ್ಲೌಸು ಆಗಿತ್ತು, ಹುಕ್ಕು ಹಚ್ಚುವುದು ಬಾಕಿ. ಸಾಬರನ್ನು ಮಾತಾಡಿಸಿ, ಅವರ ಬೆಂಚಿನ ಮೇಲೆ ಚೀಲ ಇಟ್ಟೆ. ಬೆಂಚು ಖಾಲಿ ಇತ್ತು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ, ಯಾಕೆಂದರೆ ಧೂಳಿದೆ ಅಂತ ಸೆರಗಿನಿಂದ ಒರೆಸಿಯೇ ಚೀಲ ಇಟ್ಟಿದ್ದೆ.

ಆಮೇಲೆ ಶಕುಂತಲಾಳ ಕಟ್ಟೆಯ ಮೇಲೆ, ಸಾಬರ ಬಾಗಿಲಿಗೆ ಮುಖ ಮಾಡಿ ಕೂತೆ. ಎರಡು ಸೈಕಲ್ ಎದುರಾದರೆ ಒಂದು ಇಳಿಯಬೇಕಾದಷ್ಟು ಇಕ್ಕಟ್ಟಿನ ಓಣಿ ಅದು. ಆಕೆ ಹುಕ್ಕು ಹಚ್ಚುತ್ತಾ ತನ್ನ ಅತ್ತೆಯ ಸುದ್ದಿ ಹೇಳಿದಳು. ನಾನು ಹ್ಞೂಂಗುಟ್ಟುತ್ತಾ ಚೀಲದ ಮೇಲೆ ಕಣ್ಣಿಟ್ಟಿದ್ದೆ. ಅರ್ಧ ಗಂಟೆ ಆಗಿರಬಹುದು. ಓಣಿಯಲ್ಲಿ ಒಂದು ಎಮ್ಮೆ ಹೋಯಿತು, ತರಕಾರಿ ಗಾಡಿ ಹೋಯಿತು. ಸಾಬರ ಅಂಗಡಿಯೊಳಗೆ ಯಾರೂ ಹೋಗಲಿಲ್ಲ, ಒಳಗಿಂದ ಯಾರೂ ಬರಲಿಲ್ಲ. ಆ ಅಂಗಡಿಗೆ ಇದ್ದದ್ದು ಒಂದೇ ಬಾಗಿಲು. ಹಿಂದಿನ ಗೋಡೆಗೆ ಒಂದು ಕಿಟಕಿಯೂ ಇಲ್ಲ.

ಚೀಲ ತೆಗೆದುಕೊಳ್ಳಲು ಒಳಗೆ ಹೋದೆ. ಚೀಲದ ಪಕ್ಕದಲ್ಲಿ ಕೆಂಪು ರಟ್ಟಿನ ಪುಸ್ತಕ ಇತ್ತು.

ಸಾಬರು ಟ್ರಂಕಿನ ಮುಚ್ಚಳ ಹಾಕುತ್ತಾ, “ಈಗ ಹೋದ ನೋಡು ನಿಮ್ಮಣ್ಣ. ನಿನಗ ಎದುರಾಗಲಿಲ್ಲೇನು?” ಅಂದರು.

ಏನಂದ ಅಂತ ಕೇಳಿದೆ. “ಏನಂತಾನ? ನಂಬರ್ ಹೇಳಿದ. ಭಾಳ ತಡಾ ಆತಲ್ಲೋ ಬಸಣ್ಣ ಅಂದೆ, ನಕ್ಕ. ಕಟ್ಟು ಕೊಟ್ಟೆ. ಓದಿದ. ಕಟ್ಟಿಕೊಟ್ಟು ಹೋದ” ಅಂದರು, ದಿನಾ ನಡೆಯುವ ಮಾತು ಹೇಳಿದ ಹಾಗೆ.

“ಯಾಕ ನಿಲ್ಲಿಸಲಿಲ್ಲ ಅಜ್ಜಾ? ನನ್ನ ಯಾಕ ಕರೀಲಿಲ್ಲ?”

ಆಗ ಅವರ ಮುಖ ಬದಲಾಯಿತು. ಹನ್ನೊಂದು ವರ್ಷ ಅವರ ತಲೆಯೊಳಗೆ ತಿರುಗಿ ಬಂದದ್ದು ನನ್ನ ಕಣ್ಣೆದುರಿಗೇ ಕಂಡಿತು. ಟ್ರಂಕಿನ ಮೇಲಿದ್ದ ತಮ್ಮ ಕೈಯನ್ನೇ ನೋಡಿಕೊಂಡರು. “ಪುಸ್ತಕ ಬಂತು, ಕೊನೀ ಪುಟ ಕೊಟ್ಟೆ. ನಲವತ್ತು ವರ್ಷದಿಂದ ಈ ಕೈ ಅದನ್ನ ಮಾಡೈತಿ ಬೇಟಿ” ಅಂದರು.

ಬಸ್ ಸ್ಟ್ಯಾಂಡಿಗೆ ಓಡಿದೆ. ನಿಂತಿದ್ದ ಬಸ್ಸುಗಳನ್ನೆಲ್ಲ ಹತ್ತಿ ಇಳಿದೆ. ಹರಪನಹಳ್ಳಿ ಬಸ್ಸಿನಲ್ಲಿ ಒಬ್ಬರ ಹೆಗಲು ಹಿಡಿದು ತಿರುಗಿಸಿದೆ. ಬೇರೆ ಯಾರೋ. ತಿರುಗಿ ಬಂದು ಶಕುಂತಲಾಳನ್ನು ಕೇಳಿದರೆ, “ಯಾರೂ ಬಂದಿಲ್ಲಕ್ಕ, ನೀವೂ ಇಲ್ಲೇ ಕುಂತಿದ್ರಲ್ಲ” ಅಂದಳು.

ಪುಸ್ತಕ ಬಿಡಿಸಿದೆ. ಸಾಬರ ಕೈಯ ನಂಬರು, ಅವರದೇ ಹೊಲಿಗೆ. ನಡುವೆ ಒಂದು ತುಂಡು ತಾಮ್ರದ ತಂತಿ. ಕೊನೆಯಲ್ಲಿ ನಾಲ್ಕು ಮಡಿಕೆಯ ಚೀಟಿ. ಬಿಚ್ಚುವಾಗ ನನ್ನ ಮನಸ್ಸಿನಲ್ಲಿ ಏನೇನು ಇತ್ತೋ. ಎಲ್ಲಿದ್ದೇನೆ ಅಂತ ಇರಬಹುದು, ಅವ್ವ ಹೇಗಿದ್ದಾಳೆ ಅಂತ ಕೇಳಿರಬಹುದು. ಅಣ್ಣನ ದುಂಡನೆಯ ಅಕ್ಷರದಲ್ಲಿ ಒಂದೇ ಶಬ್ದ ಇತ್ತು. ಕಂಪೌಂಡರ್.

ಟ್ರಂಕು ತೆಗೆದು ಕಟ್ಟು ಬಿಚ್ಚಿ ನಿಂತಲ್ಲೇ ಓದಿದೆ. ಹದಿಮೂರನೇ ಪುಟದಲ್ಲಿ ಸಿಕ್ಕಿತು. ವಿಷ ಹಾಕಿದ್ದು ಕಂಪೌಂಡರೇ.

ಅಂದಿನಿಂದ ಇದನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಬಿಚ್ಚಿ ಕಟ್ಟಿದ್ದೇನೋ ಲೆಕ್ಕವಿಲ್ಲ. ಪುಸ್ತಕ ಮೊದಲಿನಿಂದಲೂ ಸಾಬರ ಹತ್ತಿರವೇ ಇತ್ತೇ? ಅವ್ವನನ್ನು ಅಷ್ಟು ವರ್ಷ ಬರಿಸಿಕೊಂಡು ಸುಮ್ಮನಿರುವ ಮನುಷ್ಯ ಅವರಲ್ಲ. ಚೀಟಿ ಹಗರಿಬೊಮ್ಮನಹಳ್ಳಿಯ ಚಹದಂಗಡಿಯಲ್ಲೇ ಬರೆದದ್ದಿರಬಹುದು, ಅಣ್ಣನ ಚೀಲ ಸಿಕ್ಕ ಯಾರೋ ಪುಸ್ತಕ ತಂದಿಟ್ಟಿರಬಹುದು. ಹಾಗಾದರೆ ಆ ಯಾರೋ ಬೆಂಚಿನ ಮೇಲೆ ಅರ್ಧ ಗಂಟೆ ಕೂತದ್ದು ನನಗೆ ಯಾಕೆ ಕಾಣಲಿಲ್ಲ? ನನ್ನ ಚೀಲ ಕಾಣುತ್ತಿತ್ತು. ಚೀಲದ ಪಕ್ಕ ಯಾರೂ ಇರಲಿಲ್ಲ.

ಇಲ್ಲ, ನಾನೇ ಹುಕ್ಕು ನೋಡಲು ತಲೆ ತಗ್ಗಿಸಿದ್ದೆ, ಅತ್ತೆಯ ಸುದ್ದಿಯಲ್ಲಿ ಮೈಮರೆತಿದ್ದೆ ಅಂತಲೇ ಇಟ್ಟುಕೊಳ್ಳೋಣ. ಹಾಗಂದುಕೊಂಡ ದಿನ ನನಗೆ ಅನ್ನ ಸೇರುವುದಿಲ್ಲ. ದೆವ್ವ ಅಂತ ಒಪ್ಪಿಕೊಂಡರೆ ಅಣ್ಣ ಸತ್ತಿದ್ದಾನೆ. ಮನುಷ್ಯನೇ ಅಂದುಕೊಂಡರೆ, ಅವನು ಬದುಕಿದ್ದಾನೆ, ತಂಗಿ ನಾಲ್ಕು ಹೆಜ್ಜೆ ದೂರದಲ್ಲಿ ಕೂತದ್ದನ್ನು ನೋಡಿ, ಕರೆಯದೆ ಹೋಗಿದ್ದಾನೆ. ಇವೆರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಆ ದಿನ ಮಾತ್ರ ನನ್ನ ಎದೆಯಲ್ಲಿ ಇದ್ದದ್ದು ಅವ್ವ. ಆಕೆ ಹನ್ನೊಂದು ವರ್ಷ ಜೀವ ಹಿಡಿದದ್ದು ಓದದ ಆ ಹದಿನಾರು ಪುಟದ ಮೇಲೆ. ಈಗ ಅವನು ಬಂದು ಓದಿ ಹೋದ ಅಂದರೆ ಆಕೆಗೆ ಏನು ಉಳಿಯಿತು? ಸಾಬರ ಕೈ ಹಿಡಿದು, ಅವ್ವನಿಗೆ ಹೇಳಬೇಡಿ, ಬಂದರೆ ಕಟ್ಟು ತೋರಿಸಿ ಸಾಕು ಅಂತ ಬೇಡಿಕೊಂಡೆ. ಅವರು ಅಳುತ್ತಾ ತಲೆಯಾಡಿಸಿದರು. ಪುಸ್ತಕವನ್ನು ಉತ್ತರ ಪತ್ರಿಕೆಗಳ ಅಡಿಗೆ ಮುಚ್ಚಿಟ್ಟುಕೊಂಡು ಮನೆಗೆ ಹೋದೆ. ಅವ್ವ ಅಕ್ಕಿ ಆರಿಸುತ್ತಿದ್ದಳು.

“ಸಾಬರ ಅಂಗಡಿಗೆ ಹೋಗಿದ್ದೇನು? ಕಟ್ಟು ಐತಿಲ್ಲ?”

“ಐತವ್ವ.”

“ಯಾರೂ ಬಿಚ್ಚಿಲ್ಲಲ್ಲ?”

“ಇಲ್ಲ.”

ಮುಂದಿನ ವರ್ಷ ಸಾಬರು ತೀರಿಕೊಂಡರು. ಪುಸ್ತಕಗಳನ್ನು ರದ್ದಿಗೆ ಹಾಕುವ ಮುಂಚೆ ಅವರ ಮಗ ಮನೆಗೇ ಬಂದು ಆ ಕಟ್ಟನ್ನು ಅವ್ವನ ಕೈಗಿಟ್ಟು ಹೋದ. ಅಪ್ಪ ಹಾಗೆ ಹೇಳಿ ಸತ್ತರಂತೆ. ಅವ್ವ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ಮನೆಯಲ್ಲೇ ಇದ್ದದ್ದರಿಂದ ಈಗ ತಿಂಗಳಿಗೊಮ್ಮೆ ಅಲ್ಲ, ದಿನಾ ದಾರ ಮುಟ್ಟಿ ನೋಡುವಳು. ನಾನು ಪಕ್ಕದಲ್ಲೇ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದೆ. ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಗೆ, ಕೆಂಪು ರಟ್ಟಿನ ಪುಸ್ತಕ ಇತ್ತು.

ಎರಡು ವರ್ಷದ ಹಿಂದೆ ಅವ್ವ ಹೋದಳು. ಹೋಗುವ ಮುಂಚೆ ಮಾತು ನಿಂತಿತ್ತು. ದಿಂಬಿನ ಕೆಳಗೆ ಕೈ ಹಾಕಿ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟಳು, ಬಾಗಿಲ ಕಡೆ ಕಣ್ಣು ಮಾಡಿದಳು. ಬಂದರೆ ಕೊಡು ಅಂತ. ನಾನು ಕೊಡ್ತೀನವ್ವ ಅಂದೆ.

ಈಗ ಪುಸ್ತಕ, ಕೊನೆಯ ಪುಟ ಎರಡೂ ನನ್ನ ಹತ್ತಿರ ಇವೆ. ಕೂಡಿಸಿ ಹೊಲಿಸಬಹುದು ಅಂತ ಒಂದೆರಡು ಸಲ ಅನಿಸಿದೆ. ಹೊಲಿಸಿಲ್ಲ. ಕಟ್ಟು ಮಾತ್ರ ದಿಂಬಿನ ಕೆಳಗೇ ಇದೆ, ನನ್ನ ದಿಂಬಿನ ಕೆಳಗೆ. ಓದಿ ಮುಗಿಸಿದವನು ಅದಕ್ಕಾಗಿ ಮತ್ತೆ ಬರುವುದಿಲ್ಲ ಅಂತ ನನಗೆ ಗೊತ್ತು. ಆದರೂ ಎದ್ದ ಕೂಡಲೇ ಕೈ ಹೋಗಿ ದಾರ ಬಿಗಿಯಾಗಿದೆಯೋ ಅಂತ ನೋಡುತ್ತದೆ.